ಹಿಂದಿನ ಗೇರು ಮಾತು ಕೇಳದಿದ್ದಾಗ

ಗೇರ್ ಸೈಕಲ್ ಇರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ದೂರು ಏಳುತ್ತದೆ: ಹಿಂದಿನ ಗೇರು ಬೀಳುತ್ತಿಲ್ಲ. ಗುಂಡಿ ಒಮ್ಮೆ ಒತ್ತಿದರೆ ಏನೂ ಆಗುವುದಿಲ್ಲ, ಇನ್ನೊಮ್ಮೆ ಒತ್ತಿದರೆ ಎರಡು ಗೇರು ಒಟ್ಟಿಗೆ ದಾಟುತ್ತದೆ. ಏರು ಹತ್ತುವಾಗ ಚೈನು ತಾನಾಗಿ ಹಾರುತ್ತದೆ. ಇಲ್ಲವೇ ದಾರಿಯುದ್ದಕ್ಕೂ ಹಿಂದಿನಿಂದ ಟಿಕ್ ಟಿಕ್ ಟಿಕ್ ಎಂಬ ಸದ್ದು. ಸ್ವಲ್ಪ ದಿನ ಸಹಿಸಿಕೊಂಡು ಒಂದೇ ಗೇರಿನಲ್ಲಿ ಓಡಿಸುತ್ತಾರೆ. ಆಮೇಲೆ ಸೈಕಲ್ಲು ಮೂಲೆ ಸೇರುತ್ತದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಆಸೆಪಟ್ಟು ಕೊಂಡ ಎಷ್ಟೋ ಸೈಕಲ್ಲುಗಳು ಇವತ್ತು ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಹೀಗೇ ಧೂಳು ತಿನ್ನುತ್ತ ನಿಂತಿವೆ. ಫ್ರೇಮು ಗಟ್ಟಿಯಾಗಿದೆ, ಗಾಲಿ ನೆಟ್ಟಗಿದೆ, ಟೈರು ಇನ್ನೂ ಸವೆದಿಲ್ಲ. ಸವಾರಿ ನಿಂತಿರುವುದು ನೂರು ರೂಪಾಯಿ ಆಸುಪಾಸಿನ ಒಂದು ತಂತಿಗಾಗಿ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು 5 ಮಿಲಿಮೀಟರ್ ಅಲೆನ್ ಕೀ, ಮಕ್ಕಳ ಚೀಲದಲ್ಲಿರುವ ಒಂದು ಅಡಿಪಟ್ಟಿ, ಇಷ್ಟಿದ್ದರೆ ಮನೆಯಲ್ಲೇ ಪತ್ತೆ ಹಚ್ಚಬಹುದಾದ ತೊಂದರೆ ಇದು.

ನಾನು ಹೇಳಹೊರಟಿರುವ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಗೇರು ಕೆಟ್ಟಿದೆ ಎಂದಾಗ ಹೆಚ್ಚಿನ ಸಲ ಗೇರಿನ ಯಂತ್ರ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಅದನ್ನು ಎಳೆಯುವ ತಂತಿ, ಇಲ್ಲವೇ ಅದನ್ನು ಫ್ರೇಮಿಗೆ ಹಿಡಿದಿಟ್ಟ ಲೋಹದ ತುಂಡು. ಆದರೆ ನಮ್ಮ ಕೈ ಮೊದಲು ಹೋಗುವುದು ಸ್ಕ್ರೂಗಳ ಕಡೆಗೆ. ಅವು ಕಣ್ಣಿಗೆ ಕಾಣುತ್ತವೆ, ತಿರುಗಿಸಲು ಸುಲಭ. ಕಾರಣ ಗೊತ್ತಿಲ್ಲದೆ ತಿರುಗಿಸಿದ ಸ್ಕ್ರೂ ಇದ್ದ ಒಂದು ತೊಂದರೆಯನ್ನು ಎರಡು ಮಾಡುತ್ತದೆ. ಮೊದಲು ನೋಡಬೇಕು, ಆಮೇಲೆ ಕೇಳಿಸಿಕೊಳ್ಳಬೇಕು, ಕಟ್ಟಕಡೆಗೆ ತಿರುಗಿಸಬೇಕು.

ನಮ್ಮಲ್ಲಿ ಅತಿ ಹೆಚ್ಚಾಗಿ ಕಾಣುವ 21 ಗೇರಿನ ಸೈಕಲ್ಲನ್ನೇ ತೆಗೆದುಕೊಳ್ಳೋಣ. ಮುಂದೆ ಪೆಡಲಿನ ಬಳಿ ಮೂರು ಹಲ್ಲುಚಕ್ರ, ಹಿಂದೆ ಏಳು. ಹಿಂದಿನ ಏಳರಲ್ಲಿ ಅತಿ ಚಿಕ್ಕದಕ್ಕೆ ಸಾಮಾನ್ಯವಾಗಿ 14 ಹಲ್ಲು, ಅತಿ ದೊಡ್ಡದಕ್ಕೆ 28. ಚಿಕ್ಕದು ಹೊರಗಡೆ, ದೊಡ್ಡದು ಗಾಲಿಯ ಕಡ್ಡಿಗಳ ಪಕ್ಕ. ಇವುಗಳ ಕೆಳಗೆ ನೇತಾಡುವ, ಎರಡು ಪುಟ್ಟ ಪುಲ್ಲಿಗಳಿರುವ ಯಂತ್ರವೇ ಡಿರೈಲರ್. ಚೈನನ್ನು ಪಕ್ಕಕ್ಕೆ ನೂಕಿ ಒಂದು ಹಲ್ಲುಚಕ್ರದಿಂದ (ಇನ್ನು ಮುಂದೆ ಇದನ್ನು ಚಿಕ್ಕದಾಗಿ ಹಲ್ಲು ಎನ್ನುತ್ತೇನೆ) ಇನ್ನೊಂದಕ್ಕೆ ದಾಟಿಸುವುದು ಅದರ ಕೆಲಸ. ಅದರೊಳಗೆ ಒಂದು ಸ್ಪ್ರಿಂಗ್ ಇದೆ. ಸ್ಪ್ರಿಂಗು ಸದಾ ಡಿರೈಲರನ್ನು ಹೊರಗೆ, ಅಂದರೆ ಚಿಕ್ಕ ಹಲ್ಲಿನ ಕಡೆಗೆ ಎಳೆಯುತ್ತಿರುತ್ತದೆ. ಹ್ಯಾಂಡಲಿನ ಗುಂಡಿಯಿಂದ ಬಂದ ತಂತಿ ಅದನ್ನು ಒಳಗೆ, ದೊಡ್ಡ ಹಲ್ಲಿನ ಕಡೆಗೆ ಎಳೆಯುತ್ತದೆ. ಒಳಗೆ ಹೋಗುವುದು ನಿಮ್ಮ ಹೆಬ್ಬೆರಳ ಬಲದಿಂದ, ಹೊರಗೆ ಬರುವುದು ಸ್ಪ್ರಿಂಗಿನ ಬಲದಿಂದ. ದಯವಿಟ್ಟು ಇದೊಂದನ್ನು ನೆನಪಿನಲ್ಲಿಡಿ, ಮುಂದಿನ ಪತ್ತೇದಾರಿಕೆಯೆಲ್ಲ ಇದರ ಮೇಲೆ ನಿಂತಿದೆ.

ಏಳು ಹಲ್ಲಿನ ಈ ಗುಂಪಿನಲ್ಲಿ ಒಂದು ಹಲ್ಲಿಗೂ ಪಕ್ಕದ ಹಲ್ಲಿಗೂ ನಡುವೆ ಸುಮಾರು 5 ಮಿಲಿಮೀಟರ್ ಅಂತರ. ಗುಂಡಿಯ ಒಂದು ಕ್ಲಿಕ್ ತಂತಿಯನ್ನು ಎಳೆಯುವುದು 3 ಮಿಲಿಮೀಟರಿಗೂ ಒಂದಿಷ್ಟು ಕಡಿಮೆ. ಡಿರೈಲರ್ ಅದನ್ನು ಸುಮಾರು 1.7 ಪಟ್ಟು ಹಿಗ್ಗಿಸಿ 5 ಮಿಲಿಮೀಟರ್ ಸರಿಯುತ್ತದೆ. ಅಂದರೆ ತಂತಿಯಲ್ಲಿ ಅರ್ಧ ಮಿಲಿಮೀಟರ್ ಸಡಿಲವಾದರೂ ಚೈನಿನ ಹತ್ತಿರ ಅದು ಹತ್ತಿರಹತ್ತಿರ ಒಂದು ಮಿಲಿಮೀಟರ್ ತಪ್ಪಾಗುತ್ತದೆ. ಒಂಬತ್ತು, ಹತ್ತು ಹಲ್ಲಿನ ದುಬಾರಿ ಸೈಕಲ್ಲುಗಳಲ್ಲಿ ಹಲ್ಲುಗಳ ಅಂತರ ಇನ್ನೂ ಕಡಿಮೆ, 4.35 ಮತ್ತು 3.95 ಮಿಲಿಮೀಟರ್ ಆಸುಪಾಸು. ಅಲ್ಲಿ ತಪ್ಪಿಗೆ ಜಾಗ ಇನ್ನೂ ಕಿರಿದು. ದುಬಾರಿ ಸೈಕಲ್ಲು ಕೊಂಡವರೂ ಗೇರಿನ ದೂರು ಹೇಳುವುದೇಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಹಿಂದೆ ಈ ಲೆಕ್ಕ ಇಷ್ಟು ಬಿಗಿಯಾಗಿರಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಸೇಂಟ್ ಎತಿಯೆನ್ ಊರಿನ ಪಾಲ್ ದ ವಿವಿ ಎಂಬುವರು ವೆಲೋಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತ, ಸೈಕಲ್ಲಿಗೆ ಹಲವು ಗೇರು ಬೇಕೆಂದು ಹಟ ಹಿಡಿದು ವಾದಿಸಿದರು. ಓಟದ ಪಂದ್ಯ ನಡೆಸುವವರು ಒಪ್ಪಲಿಲ್ಲ. ಟೂರ್ ದ ಫ್ರಾನ್ಸ್ 1903ರಲ್ಲಿ ಶುರುವಾದರೂ ಅದರ ಸವಾರರಿಗೆ ಡಿರೈಲರ್ ಬಳಸಲು ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಪರ್ವತದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ಹಲ್ಲಿಗೆ ಚೈನು ಕೂರಿಸಿ ಮುಂದೆ ಹೋಗಬೇಕಿತ್ತು. ಡಿರೈಲರ್ ಬಂದಮೇಲೂ ದಶಕಗಟ್ಟಲೆ ಗುಂಡಿಯಲ್ಲಿ ಕ್ಲಿಕ್ ಇರಲಿಲ್ಲ. ಸವಾರ ಸನ್ನೆಯನ್ನು ಸ್ವಲ್ಪ ಸ್ವಲ್ಪ ಎಳೆಯುತ್ತ, ಸದ್ದು ನಿಂತ ಕಡೆ ಕೈ ಬಿಡುತ್ತಿದ್ದ. ಗೇರು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದುದು ಅವನ ಕಿವಿ.

1964ರಲ್ಲಿ ಜಪಾನಿನ ಮಾಯೆದಾ ಕಂಪನಿ, ತನ್ನ ಸನ್‌ಟೂರ್ ಹೆಸರಿನಲ್ಲಿ, ಓರೆಯಾಗಿ ಸರಿಯುವ ಡಿರೈಲರ್ ತಂದಿತು. ಚಿಕ್ಕ ಹಲ್ಲಿನಿಂದ ದೊಡ್ಡದಕ್ಕೆ ಹೋಗುವಾಗ ಅದು ಪಕ್ಕಕ್ಕೆ ಸರಿಯುವುದರ ಜೊತೆಗೆ ಕೆಳಗೂ ಇಳಿಯುತ್ತಿತ್ತು. ಹಾಗಾಗಿ ಎಲ್ಲ ಹಲ್ಲುಗಳಿಂದಲೂ ಪುಲ್ಲಿಗೆ ಒಂದೇ ಅಂತರ. ನನ್ನ ದೃಷ್ಟಿಯಲ್ಲಿ ಸೈಕಲ್ ಗೇರಿನ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಯೋಚನೆ ಇನ್ನೊಂದಿಲ್ಲ. ಅದರ ಪೇಟೆಂಟು 1984ರಲ್ಲಿ ಮುಗಿಯಿತು. ಅದೇ ಹೊತ್ತಿಗೆ, 1921ರಲ್ಲಿ ಸಕಾಯ್ ಊರಿನಲ್ಲಿ ಫ್ರೀವೀಲ್ ತಯಾರಿಸುವ ಮೂಲಕ ಆರಂಭವಾದ ಶಿಮಾನೊ ಕಂಪನಿ, ಈ ಓರೆ ಚಲನೆಗೆ ಕ್ಲಿಕ್ ಗುಂಡಿಯನ್ನು ಜೋಡಿಸಿ ಒಟ್ಟು ವ್ಯವಸ್ಥೆಯನ್ನೇ ಮಾರುಕಟ್ಟೆಗೆ ಬಿಟ್ಟಿತು. ಅಂದಿನಿಂದ ಕಿವಿಯ ಕೆಲಸ ಗುಂಡಿಗೆ ಹೋಯಿತು. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಆದರೆ ಗುಂಡಿಗೆ ಕಿವಿಯಿಲ್ಲ. ಅದು ಎಳೆಯುವುದು ಪ್ರತಿ ಸಲವೂ ಅಷ್ಟೇ ತಂತಿ. ಮಿಕ್ಕ ಭಾಗಗಳು ಮೊದಲ ದಿನ ಇದ್ದಲ್ಲೇ ಇವೆ ಎಂದು ನಂಬಿಕೊಂಡು ಎಳೆಯುತ್ತದೆ. ಒಂದು ಭಾಗ ಎರಡು ಮಿಲಿಮೀಟರ್ ಬಾಗಿದರೂ ಆ ನಂಬಿಕೆ ಮುರಿಯುತ್ತದೆ.

ಈಗ ಸೈಕಲ್ಲಿನ ಹತ್ತಿರ ಬನ್ನಿ. ಮೊದಲು ಹಿಂದಿನ ಗಾಲಿ ತನ್ನ ಗೂಡಿನಲ್ಲಿ ನೆಟ್ಟಗೆ ಕೂತಿದೆಯೇ, ನಟ್ಟು ಅಥವಾ ಹಿಡಿ ಬಿಗಿಯಾಗಿದೆಯೇ ನೋಡಿ. ಪಂಕ್ಚರ್ ಹಾಕಿಸಿದ ಮಾರನೆಯ ದಿನ ಗೇರು ಕೆಟ್ಟಿತು ಎಂದು ಬರುವವರಲ್ಲಿ ಬಹಳ ಮಂದಿಗೆ ಆಗಿರುವುದು ಇದೇ. ಗಾಲಿ ಓರೆಯಾಗಿ ಕೂತರೆ ಏಳೂ ಹಲ್ಲುಗಳು ಒಟ್ಟಿಗೆ ಓರೆ.

ಆಮೇಲೆ ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ಗಾಲಿಯ ನಡುವಿನ ಮಟ್ಟಕ್ಕೆ ತನ್ನಿ. ಡಿರೈಲರಿನ ಎರಡು ಪುಲ್ಲಿಗಳು, ಅವುಗಳ ಮೇಲಿನ ಹಲ್ಲು, ಮೂರೂ ಒಂದೇ ಲಂಬ ಗೆರೆಯಲ್ಲಿ ಇರಬೇಕು. ಕೆಳಗಿನ ಪುಲ್ಲಿ ಕಡ್ಡಿಗಳ ಕಡೆಗೆ ವಾಲಿದ್ದರೆ ಅಪರಾಧಿ ಸಿಕ್ಕಿದ ಹಾಗೆಯೇ. ಡಿರೈಲರನ್ನು ಫ್ರೇಮಿಗೆ ಜೋಡಿಸುವ ತುಂಡಿಗೆ ಹ್ಯಾಂಗರ್ ಎನ್ನುತ್ತಾರೆ. ಚೈನು ಇರುವುದು ಬಲಗಡೆ. ಹಾಗಾಗಿ ಸೈಕಲ್ಲು ಬಲಕ್ಕೆ ಬಿದ್ದಾಗ, ನಿಲ್ದಾಣದಲ್ಲಿ ಪಕ್ಕದ ಬೈಕು ಒರಗಿದಾಗ, ಬಸ್ಸಿನ ಮೇಲೆ ಮಲಗಿಸಿ ಸಾಗಿಸಿದಾಗ ಪೆಟ್ಟು ತಿನ್ನುವುದು ಹ್ಯಾಂಗರೇ. ಹೊಸ ಸೈಕಲ್ಲು ಪೆಟ್ಟಿಗೆಯಲ್ಲಿ ಬಂದಾಗಲೂ ಎಷ್ಟೋ ಸಲ ಅದು ಬಾಗಿರುತ್ತದೆ. ಅಲ್ಯೂಮಿನಿಯಂ ಫ್ರೇಮುಗಳಲ್ಲಿ ಹ್ಯಾಂಗರನ್ನು ಬೇಕೆಂದೇ ಮೆದುವಾಗಿ ಮಾಡಿರುತ್ತಾರೆ. ಅದು ಬಾಗಿ ಫ್ರೇಮನ್ನೂ ಡಿರೈಲರನ್ನೂ ಕಾಪಾಡಲಿ ಎಂಬ ಉದ್ದೇಶ.

ಬಾಗಿದ ಹ್ಯಾಂಗರಿಗೆ ಒಂದು ಗುರುತು ಇದೆ. ಏಳು ಹಲ್ಲುಗಳ ಒಂದು ತುದಿಯಲ್ಲಿ ಗೇರು ಚೆನ್ನಾಗಿ ಬೀಳುತ್ತದೆ, ಇನ್ನೊಂದು ತುದಿಗೆ ಹೋದಂತೆ ಕೆಡುತ್ತದೆ. ತಂತಿ ಬಿಗಿ ಮಾಡಿ ಆ ತುದಿ ಸರಿಮಾಡಿದರೆ ಈ ತುದಿ ಕೆಡುತ್ತದೆ. ಎಷ್ಟು ಗಂಟೆ ತಿರುಗಿಸುತ್ತ ಕೂತರೂ ಮುಗಿಯದ ಕೆಲಸ ಅದು. ಹೀಗಾದಾಗ ಸ್ಕ್ರೂಡ್ರೈವರ್ ಕೆಳಗಿಡಿ. ಒಳ್ಳೆಯ ಅಂಗಡಿಗಳಲ್ಲಿ ಹ್ಯಾಂಗರ್ ನೆಟ್ಟಗೆ ಮಾಡುವ ಉದ್ದ ತೋಳಿನ ಸಲಕರಣೆ ಇರುತ್ತದೆ. ಡಿರೈಲರ್ ಬಿಚ್ಚಿ ಹ್ಯಾಂಗರಿನ ತೂತಿಗೆ ಈ ಸಲಕರಣೆಯನ್ನು ತಿರುಗಿಸಿ ಕೂರಿಸಿ, ತೋಳಿನ ತುದಿ ಗಾಲಿಯ ರಿಮ್ಮಿಗೆ ಮೇಲೆ, ಕೆಳಗೆ, ಹಿಂದೆ, ಮುಂದೆ ಒಂದೇ ಅಂತರದಲ್ಲಿ ಇರುವ ತನಕ ಮೆಲ್ಲಗೆ ಬಗ್ಗಿಸುತ್ತಾರೆ. ಆ ಸಲಕರಣೆ ಸಿಗದ ಊರುಗಳಲ್ಲಿ ಬಲ್ಲ ಮೆಕ್ಯಾನಿಕ್ಕುಗಳು ಇನ್ನೊಂದು ಉಪಾಯ ಮಾಡುತ್ತಾರೆ. ಹ್ಯಾಂಗರಿನ ತೂತಿನ ಮರೆಯೂ (ತಿರುಪಿನ ಗೆರೆ) ಸಾಮಾನ್ಯ ಹಿಂಗಾಲಿಯ ಅಚ್ಚಿನ ಮರೆಯೂ ಒಂದೇ, 10 ಮಿಲಿಮೀಟರ್. ಇನ್ನೊಂದು ಹಿಂಗಾಲಿಯ ಅಚ್ಚನ್ನು ಆ ತೂತಿಗೆ ತಿರುಗಿಸಿ ಕೂರಿಸಿದರೆ, ಎರಡು ಗಾಲಿಗಳು ಒಂದಕ್ಕೊಂದು ಸಮಾನಾಂತರವಾಗಿವೆಯೇ ಎಂದು ಕಣ್ಣಳತೆಯಲ್ಲೇ ತಿಳಿಯುತ್ತದೆ. ಗಾಲಿಯನ್ನೇ ಹಿಡಿದು ಹ್ಯಾಂಗರನ್ನು ನೆಟ್ಟಗೆ ಮಾಡಬಹುದು. ಸಾಮಾನ್ಯ ಸೈಕಲ್ಲಿನ ಉಕ್ಕಿನ ಹ್ಯಾಂಗರ್ ಇದನ್ನು ಹಲವು ಸಲ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ಆದರೆ ಒಮ್ಮೆ, ಹೆಚ್ಚೆಂದರೆ ಎರಡು ಸಲ. ಆಮೇಲೆ ಬಿರುಕು ಬಿಡುತ್ತದೆ. ಅದಕ್ಕೆ ಬದಲಿ ತುಂಡು ಸಿಗುತ್ತದೆ, ಆದರೆ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಹ್ಯಾಂಗರ್ ನೆಟ್ಟಗಿದೆ ಎಂದಾದರೆ ಮುಂದಿನ ಅನುಮಾನ ತಂತಿಯ ಮೇಲೆ. ಸ್ಪ್ರಿಂಗು ಮತ್ತು ಹೆಬ್ಬೆರಳ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಚಿಕ್ಕ ಹಲ್ಲಿನಿಂದ ದೊಡ್ಡದಕ್ಕೆ ಏರಲು ಚೈನು ಹಿಂಜರಿಯುತ್ತಿದೆ, ಇಳಿಯುವುದು ಮಾತ್ರ ಸಲೀಸು ಎಂದಾದರೆ ತಂತಿ ಸಡಿಲವಾಗಿದೆ. ಸ್ವಲ್ಪ ಬಿಗಿ ಮಾಡಿದರೆ ಸಾಕು. ಏರುವುದು ಸಲೀಸು, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವಾಗ ತಡ ಎಂದಾದರೆ ಎರಡು ಕಾರಣ ಇರಬಹುದು. ತಂತಿ ಅತಿಯಾಗಿ ಬಿಗಿದಿರಬಹುದು, ಇಲ್ಲವೇ ತಂತಿ ತನ್ನ ಕೊಳವೆಯೊಳಗೆ ಎಲ್ಲೋ ಉಜ್ಜುತ್ತಿರಬಹುದು. ಉಜ್ಜುತ್ತಿದ್ದರೂ ನಿಮ್ಮ ಹೆಬ್ಬೆರಳು ಅದನ್ನು ಗೆದ್ದು ಎಳೆಯುತ್ತದೆ. ಬಿಟ್ಟಾಗ ಸ್ಪ್ರಿಂಗಿಗೆ ಅಷ್ಟು ಬಲವಿಲ್ಲ, ತಂತಿ ಹಿಂದಕ್ಕೆ ಸರಿಯುವುದಿಲ್ಲ.

ಈ ಎರಡರಲ್ಲಿ ಯಾವುದು? ಡಿರೈಲರಿಗೆ ತಂತಿ ಸೇರುವ ಜಾಗದಲ್ಲಿ ಬೆರಳಿನಿಂದಲೇ ತಿರುಗಿಸಬಹುದಾದ ಒಂದು ತಿರುಪು ಇದೆ. ಸೈಕಲ್ಲಿನ ಹಿಂದೆ ನಿಂತು ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ತಂತಿ ಸಡಿಲವಾಗುತ್ತದೆ. ಈಗ ಇಳಿಯುವುದೂ ಏರುವುದೂ ಎರಡೂ ಸರಿಯಾದರೆ ಬಿಗಿತವೇ ಕಾರಣವಾಗಿತ್ತು, ಕೆಲಸ ಮುಗಿಯಿತು. ಇಳಿಯುವುದು ಸರಿಯಾಗಿ ಏರುವುದು ಕೆಟ್ಟರೆ, ಮತ್ತೆ ಬಿಗಿ ಮಾಡಿದಾಗ ಏರುವುದು ಸರಿಯಾಗಿ ಇಳಿಯುವುದು ಕೆಟ್ಟರೆ, ತಂತಿ ಉಜ್ಜುತ್ತಿದೆ ಎಂದೇ ಅರ್ಥ. ಯಾವ ಹೊಂದಾಣಿಕೆಯೂ ಅದನ್ನು ಸರಿಪಡಿಸುವುದಿಲ್ಲ. ಬಹಳ ಜನ ದಾರಿ ತಪ್ಪುವುದು ಇಲ್ಲೇ. ತಿಂಗಳುಗಟ್ಟಲೆ ಆ ತಿರುಪನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾರೆ, ಕೊನೆಗೆ ಡಿರೈಲರನ್ನೇ ಬದಲಾಯಿಸುತ್ತಾರೆ. ಹೊಸ ಡಿರೈಲರಿಗೂ ಅದೇ ತುಕ್ಕು ಹಿಡಿದ ತಂತಿ ಸಿಗುತ್ತದೆ.

ಗೇರಿನ ತಂತಿ 1.2 ಮಿಲಿಮೀಟರ್ ದಪ್ಪದ ಉಕ್ಕಿನ ಹೆಣಿಗೆ. ಅದು ಓಡಾಡುವ ಕೊಳವೆಯನ್ನು ಅಂಗಡಿಯವರು ಔಟರ್ ಎನ್ನುತ್ತಾರೆ. ಲಂಗದ ನೇಫೆಯೊಳಗೆ ಲಾಡಿ ಓಡಾಡುವಂತೆ ತಂತಿ ಅದರೊಳಗೆ ಸಲೀಸಾಗಿ ಓಡಾಡಬೇಕು. ಹಿಂದಿನ ಗೇರಿನ ತಂತಿ ಹ್ಯಾಂಡಲಿನಿಂದ ಹೊರಟು ಫ್ರೇಮಿನುದ್ದಕ್ಕೂ ಸಾಗಿ ಕೊನೆಯಲ್ಲಿ ಒಂದು ಸಣ್ಣ ಕಮಾನಿನಂತೆ ಬಾಗಿ ಡಿರೈಲರ್ ಸೇರುತ್ತದೆ. ಆ ಕೊನೆಯ ಒಂದಡಿಯಷ್ಟು ಔಟರಿನಲ್ಲೇ ಹೆಚ್ಚಿನ ತೊಂದರೆ. ಅದು ನೆಲಕ್ಕೆ ಹತ್ತಿರ, ಹಿಂಗಾಲಿ ಎರಚುವ ನೀರು ನೇರವಾಗಿ ಅದಕ್ಕೇ ಬಡಿಯುತ್ತದೆ, ಫ್ರೇಮಿನ ಮೇಲಿನಿಂದ ಇಳಿದ ಮಳೆನೀರೂ ತಂತಿ ಹಿಡಿದು ಅದರೊಳಗೆ ಇಳಿಯುತ್ತದೆ. ತೀರ್ಥಹಳ್ಳಿ, ಕೊಪ್ಪ, ಮಡಿಕೇರಿ ಕಡೆಯ ಮಳೆಗಾಲ ಒಂದನ್ನು ಕಳೆದ ಸೈಕಲ್ಲಿನ ಈ ತುಂಡನ್ನು ಬಿಚ್ಚಿ ನೋಡಿ. ತಂತಿಯ ಜೊತೆ ಕೆಂಪು ಕೆಸರೇ ಹೊರಬರುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿ ಸೇರಿ ತುಕ್ಕು ಇನ್ನೂ ಬೇಗ. ಪರೀಕ್ಷೆ ಸುಲಭ. ಗುಂಡಿಯನ್ನು ಅತಿ ಚಿಕ್ಕ ಹಲ್ಲಿನ ಗೇರಿಗೆ ತಂದು, ಡಿರೈಲರಿನ ಬಳಿ ತಂತಿಯನ್ನು ಬಿಚ್ಚಿ, ತುದಿಯನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಕರಕರ ಎಂದರೆ, ಎಲ್ಲಾದರೂ ತಡೆದರೆ, ಬದಲಾಯಿಸಿ.

ತಂತಿ ಬದಲಾಯಿಸುವಾಗ ಔಟರನ್ನೂ ಬದಲಾಯಿಸಿ. ಹಳೆಯ ಔಟರಿಗೆ ಹೊಸ ತಂತಿ ಹಾಕುವುದು ಉಳಿತಾಯವಲ್ಲ. ಬ್ರೇಕಿನ ಔಟರ್ ಬೇರೆ, ಗೇರಿನ ಔಟರ್ ಬೇರೆ. ಬ್ರೇಕಿನದು 5 ಮಿಲಿಮೀಟರ್ ದಪ್ಪ, ಒಳಗೆ ಸುರುಳಿ ಸುತ್ತಿದ ಲೋಹ, ಎಳೆದಾಗ ಒಂದಿಷ್ಟು ಕುಗ್ಗುತ್ತದೆ. ಗೇರಿನದು ಸಾಮಾನ್ಯವಾಗಿ 4 ಮಿಲಿಮೀಟರ್, ಒಳಗೆ ಉದ್ದುದ್ದಕ್ಕೆ ಸಾಲಾಗಿ ಇಟ್ಟ ಉಕ್ಕಿನ ಎಳೆಗಳು, ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಕ್ಲಿಕ್ ಗುಂಡಿಯ ಲೆಕ್ಕ ನಿಂತಿರುವುದು ಆ ಕುಗ್ಗದ ಗುಣದ ಮೇಲೆ. ಬ್ರೇಕಿನ ಔಟರನ್ನು ಗೇರಿಗೆ ಹಾಕಿದರೆ ಗೇರು ಎಂದೂ ನಿಖರವಾಗಿ ಬೀಳುವುದಿಲ್ಲ. ಗೇರಿನ ಔಟರನ್ನು ಬ್ರೇಕಿಗೆ ಹಾಕುವುದಂತೂ ಅಪಾಯ. ಬ್ರೇಕಿನ ಬಲಕ್ಕೆ ಅದು ಸೀಳಿಹೋಗಬಹುದು, ಪ್ರಾಣಕ್ಕೆ ಎರವಾಗಬಹುದು. ಔಟರ್ ಕತ್ತರಿಸಿದಮೇಲೆ ತುದಿ ಸಮತಟ್ಟಾಗಿರಬೇಕು, ಒಳಗಿನ ಪ್ಲಾಸ್ಟಿಕ್ ಕೊಳವೆಯ ಬಾಯಿ ಮುಚ್ಚಿಕೊಂಡಿದ್ದರೆ ದಬ್ಬಣದಿಂದ ಬಿಡಿಸಬೇಕು, ತುದಿಗೆ ಟೊಪ್ಪಿ ಹಾಕಲೇಬೇಕು. ಟೊಪ್ಪಿಯಿಲ್ಲದ ಔಟರ್ ಕ್ರಮೇಣ ಗೂಡಿನೊಳಗೆ ತೂರಿಕೊಂಡು ಗೇರನ್ನು ಮತ್ತೆ ಕೆಡಿಸುತ್ತದೆ. ಒಳಗೆ ಗಟ್ಟಿ ಗ್ರೀಸ್ ತುಂಬಬೇಡಿ. ನಮ್ಮ ಧೂಳಿಗೆ ಅದು ಅಂಟಾಗಿ ಕೂರುತ್ತದೆ.

ತಂತಿ ಹೊಸದಾಗಿ ಹಾಕಿದ ಒಂದೆರಡು ವಾರದಲ್ಲಿ ಗೇರು ಮತ್ತೆ ಸ್ವಲ್ಪ ತಪ್ಪಿದರೆ ಗಾಬರಿ ಬೇಡ. ತಂತಿ ಹಿಗ್ಗಿತು ಎನ್ನುತ್ತಾರೆ. ಬಹುಮಟ್ಟಿಗೆ ಆಗುವುದು ಔಟರಿನ ತುದಿಗಳು ಟೊಪ್ಪಿಯೊಳಗೆ ಅದುಮಿ ಕೂರುವುದು. ಬೆರಳ ತಿರುಪು ಕಾಲು ಸುತ್ತು, ಅರ್ಧ ಸುತ್ತು ಬಿಗಿ ಮಾಡಿದರೆ ಮುಗಿಯಿತು. ಆದರೆ ಹಳೆಯ ತಂತಿ ದಿನಾ ದಿನಾ ಬಿಗಿ ಮಾಡಿಸಿಕೊಳ್ಳುತ್ತಿದ್ದರೆ ಬೇರೆಯೇ ಕಾರಣ. ಹ್ಯಾಂಡಲಿನ ಗುಂಡಿಯ ಒಳಗೆ, ತಂತಿಯ ತಲೆಯ ಹತ್ತಿರ, ಎಳೆಗಳು ಒಂದೊಂದಾಗಿ ಕಡಿಯುತ್ತಿವೆ. ಕಣ್ಣಿಗೆ ಕಾಣದ ಜಾಗ ಅದು. ಪೂರ್ತಿ ಕಡಿದ ಮೇಲೆ ಆ ತಲೆ ಗುಂಡಿಯೊಳಗೆ ಸಿಕ್ಕಿಕೊಂಡು ತೆಗೆಯುವುದು ಕಷ್ಟವಾಗುತ್ತದೆ. ಕಡಿಯುವ ಮೊದಲೇ ಬದಲಿಸಿ.

ಇಷ್ಟು ನೋಡಿದ ಮೇಲೆ ಸ್ಕ್ರೂಗಳಿಗೆ ಬರೋಣ. ಡಿರೈಲರಿನ ಮೇಲೆ ಅಕ್ಕಪಕ್ಕ ಎರಡು ಸ್ಟಾರ್ ಸ್ಕ್ರೂ ಇವೆ. ಒಂದರ ಬಳಿ ಇಂಗ್ಲಿಷಿನ ಎಚ್ ಅಕ್ಷರ, ಇನ್ನೊಂದರ ಬಳಿ ಎಲ್. ಇವು ಡಿರೈಲರಿನ ಓಡಾಟಕ್ಕೆ ಎರಡು ಕಡೆಯ ಗಡಿ. ಎಚ್ ಸ್ಕ್ರೂ ಚೈನು ಚಿಕ್ಕ ಹಲ್ಲಿನಿಂದ ಹೊರಗೆ ಬೀಳದಂತೆ ತಡೆಯುತ್ತದೆ, ಎಲ್ ಸ್ಕ್ರೂ ದೊಡ್ಡ ಹಲ್ಲಿನಾಚೆ ಕಡ್ಡಿಗಳೊಳಗೆ ಹೋಗದಂತೆ ತಡೆಯುತ್ತದೆ. ನಡುವಿನ ಐದು ಗೇರುಗಳಿಗೂ ಇವಕ್ಕೂ ಯಾವ ಸಂಬಂಧವೂ ಇಲ್ಲ. ಮೂರನೆಯ ಗೇರು ಬೀಳುತ್ತಿಲ್ಲ ಎಂದು ಇವನ್ನು ತಿರುಗಿಸುವುದರಿಂದ ಗಡಿ ಕೆಡುತ್ತದೆಯೇ ಹೊರತು ಮೂರನೆಯ ಗೇರು ಬೀಳುವುದಿಲ್ಲ. ಎಲ್ ಸ್ಕ್ರೂ ಸಡಿಲವಾದರೆ ಆಗುವ ಅನಾಹುತ ದೊಡ್ಡದು. ಏರಿನಲ್ಲಿ ದೊಡ್ಡ ಹಲ್ಲಿಗೆ ಹಾಕಿದ ಚೈನು ಕಡ್ಡಿಗಳ ನಡುವೆ ಬೀಳುತ್ತದೆ, ಇಲ್ಲವೇ ಡಿರೈಲರೇ ಗಾಲಿಯೊಳಗೆ ಸೇರಿ ಕಡ್ಡಿ ಮುರಿದು ಗಾಲಿ ಗಕ್ಕನೆ ನಿಲ್ಲುತ್ತದೆ. ಸವಾರ ರಸ್ತೆಗೆ ಬೀಳುತ್ತಾನೆ. ಹ್ಯಾಂಗರ್ ಬಾಗಿದ ಸೈಕಲ್ಲನ್ನು ಏರಿನಲ್ಲಿ ಓಡಿಸಬೇಡಿ ಎನ್ನುವುದೂ ಇದಕ್ಕೇ.

ಹೊಂದಿಸುವ ಕ್ರಮ ಹೀಗೆ. ಹಿಂದಿನ ಗಾಲಿ ನೆಲ ಬಿಟ್ಟು ತಿರುಗಬೇಕು. ಸೀಟನ್ನು ಹಗ್ಗದಲ್ಲಿ ತೊಲೆಗೆ ಕಟ್ಟಿ ತೂಗುಹಾಕಿದರೆ ಸಾಕು, ಅಥವಾ ಇನ್ನೊಬ್ಬರು ಎತ್ತಿ ಹಿಡಿಯಲಿ. ಮಕ್ಕಳನ್ನು ದೂರ ಇಡಿ. ತಿರುಗುವ ಚೈನಿಗೂ ಹಲ್ಲಿಗೂ ನಡುವೆ ಬೆರಳು ಸಿಕ್ಕರೆ ತುಂಡಾಗಬಹುದು. ಸೀರೆಯ ಸೆರಗು, ದುಪಟ್ಟಾ, ಪಂಚೆಯ ಅಂಚು ಕಟ್ಟಿಕೊಳ್ಳಿ. ತಂತಿ ಬಿಚ್ಚಿದ ಸ್ಥಿತಿಯಲ್ಲಿ ಚೈನು ಅತಿ ಚಿಕ್ಕ ಹಲ್ಲಿನ ಮೇಲಿರಲಿ. ಮೇಲಿನ ಪುಲ್ಲಿ ಆ ಹಲ್ಲಿನ ಹೊರ ಅಂಚಿನ ನೇರಕ್ಕೆ ಬರುವ ಹಾಗೆ ಎಚ್ ಸ್ಕ್ರೂ ಹೊಂದಿಸಿ. ಆಮೇಲೆ ಪೆಡಲ್ ತಿರುಗಿಸುತ್ತ ಡಿರೈಲರನ್ನು ಕೈಯಿಂದಲೇ ಮೆಲ್ಲಗೆ ಒಳಗೆ ತಳ್ಳಿ. ಚೈನು ದೊಡ್ಡ ಹಲ್ಲಿಗೆ ಹತ್ತಬೇಕು, ಅದಕ್ಕಿಂತ ಮುಂದೆ ಎಷ್ಟು ತಳ್ಳಿದರೂ ಹೋಗಬಾರದು. ಅಲ್ಲಿಗೆ ಎಲ್ ಸ್ಕ್ರೂ ಸರಿ. ಚೈನನ್ನು ಮತ್ತೆ ಚಿಕ್ಕದಕ್ಕೆ ಬಿಟ್ಟು, ಗುಂಡಿಯನ್ನು 7ನೇ ಅಂಕಿಗೆ ತಂದು, ತಂತಿಯನ್ನು ಕೈಯಲ್ಲಿ ಎಳೆದು ಹಿಡಿದು ಬಿಗಿಯಿರಿ. ಇನ್ನು ಒಂದು ಕ್ಲಿಕ್. ಚೈನು ಪಕ್ಕದ ಹಲ್ಲಿಗೆ ಏರಲಿಲ್ಲವೇ? ಬೆರಳ ತಿರುಪನ್ನು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ. ಏರಿದ ಮೇಲೆ ಒಂದೊಂದೇ ಗೇರು ಮೇಲೆ ಹೋಗಿ, ಒಂದೊಂದೇ ಕೆಳಗೆ ಬನ್ನಿ.

ಕೊನೆಯ ತಿದ್ದುಪಡಿಗೆ ಹಳೆಯ ಸವಾರರ ಕಿವಿಯೇ ಬೇಕು. ಚೈನನ್ನು ನಡುವಿನ ಹಲ್ಲೊಂದರಲ್ಲಿ ಇಟ್ಟು ಪೆಡಲ್ ತಿರುಗಿಸುತ್ತ, ತಿರುಪನ್ನು ನಿಧಾನವಾಗಿ ಬಿಗಿ ಮಾಡುತ್ತ ಹೋಗಿ. ಒಂದು ಹಂತದಲ್ಲಿ ಚೈನು ಪಕ್ಕದ ದೊಡ್ಡ ಹಲ್ಲನ್ನು ಕೆರೆಯುವ ಸದ್ದು ಏಳುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಗಿಸಿ. ಸದ್ದು ಅಡಗಿದ ಕ್ಷಣ ಕೈ ಬಿಡಿ. ದುಬಾರಿ ಅಂಗಡಿಯಲ್ಲಿ ಮಾಡುವುದೂ ಇದನ್ನೇ.

ದೊಡ್ಡ ಹಲ್ಲಿಗೆ ಹಾಕಿದಾಗ ಮೇಲಿನ ಪುಲ್ಲಿ ಅದಕ್ಕೆ ತಾಗಿ ಗಡಗಡ ಎನ್ನುತ್ತಿದ್ದರೆ ಹ್ಯಾಂಗರಿನ ಬಳಿ ಇರುವ ಮೂರನೆಯ ಸ್ಕ್ರೂವನ್ನು ಬಿಗಿ ಮಾಡಬೇಕು. ಪುಲ್ಲಿಗೂ ಹಲ್ಲಿಗೂ 5–6 ಮಿಲಿಮೀಟರ್ ಅಂತರ ಇದ್ದರೆ ಸಾಕು.

ಚೈನು ಏರಿನಲ್ಲಿ, ಜೋರಾಗಿ ತುಳಿದಾಗ ಮಾತ್ರ ಹಲ್ಲಿನ ಮೇಲೆ ಜಾರುತ್ತಿದ್ದರೆ ಅದು ಹೊಂದಾಣಿಕೆಯ ತೊಂದರೆಯಲ್ಲ, ಸವೆತ. ಅಡಿಪಟ್ಟಿ ತೆಗೆದುಕೊಳ್ಳಿ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಹಾಗಾಗಿ 24 ಕೊಂಡಿಗಳಿಗೆ 12 ಇಂಚು. ಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವೆ ಇಟ್ಟು 12 ಇಂಚಿನ ಕಡೆ ನೋಡಿ. ಅಲ್ಲಿನ ಪಿನ್ನು ಗೆರೆಯಿಂದ ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಮೂರು ಮಿಲಿಮೀಟರ್ ದಾಟಿದ್ದರೆ ಆ ಚೈನು ಹಿಂದಿನ ಹಲ್ಲುಗಳನ್ನೂ ತಿಂದುಹಾಕಿದೆ, ಹೊಸ ಚೈನು ಮಾತ್ರ ಹಾಕಿದರೆ ಇನ್ನೂ ಹೆಚ್ಚು ಜಾರುತ್ತದೆ. ಸಮಯಕ್ಕೆ ಸರಿಯಾಗಿ ಚೈನು ಬದಲಿಸಿದವರಿಗೆ ಹಿಂದಿನ ಹಲ್ಲುಗಳ ಗುಂಪಾದ ಫ್ರೀವೀಲ್ ಬಹುಕಾಲ ಬರುತ್ತದೆ.

ಸದ್ದಿನ ತಾಳವನ್ನು ಎಣಿಸುವುದನ್ನು ರೂಢಿ ಮಾಡಿಕೊಳ್ಳಿ. ಪೆಡಲಿನ ಪ್ರತಿ ಸುತ್ತಿಗೆ ಒಂದು ಸಲ ಟಕ್ ಎಂದರೆ ಹಿಂದಿನ ಗೇರನ್ನು ಮುಟ್ಟಬೇಡಿ, ತೊಂದರೆ ಪೆಡಲಿನಲ್ಲೋ ಮುಂದಿನ ಹಲ್ಲುಚಕ್ರದಲ್ಲೋ ಇದೆ. ಮುಂದೆ 42 ಹಲ್ಲು, ಚೈನಿನಲ್ಲಿ 110 ಕೊಂಡಿ ಇದ್ದರೆ ಚೈನು ಒಂದು ಸುತ್ತು ಬರಲು ಪೆಡಲ್ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗಬೇಕು. ಆ ಅಂತರಕ್ಕೊಮ್ಮೆ ಚೈನು ಕುಪ್ಪಳಿಸಿದರೆ ಯಾವುದೋ ಒಂದು ಕೊಂಡಿ ಬಿಗಿದುಕೊಂಡಿದೆ. ಪೆಡಲನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸುತ್ತ ಕೆಳಗಿನ ಪುಲ್ಲಿಯನ್ನೇ ನೋಡುತ್ತಿರಿ. ಬಿಗಿದ ಕೊಂಡಿ ಅದರ ಮೇಲೆ ಬಂದಾಗ ಡಿರೈಲರ್ ಒಮ್ಮೆ ಅಲುಗುತ್ತದೆ. ಎರಡು ಹನಿ ಎಣ್ಣೆ ಬಿಟ್ಟು ಕೊಂಡಿಯನ್ನು ಬೆರಳಲ್ಲಿ ಅತ್ತಿತ್ತ ಅಲುಗಿಸಿದರೆ ಬಿಡುತ್ತದೆ.

ಓಡಿಸುವ ರೀತಿಯೂ ಗೇರಿನ ಆಯಸ್ಸನ್ನು ತೀರ್ಮಾನಿಸುತ್ತದೆ. 1478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಭಾನುವಾರ ಬೆಳಿಗ್ಗೆ ಹೋದರೆ ತಿರುವುಗಳಲ್ಲಿ ಚೈನು ಕಡ್ಡಿಗೆ ಸಿಕ್ಕಿ ನಿಂತವರು ಕಾಣಿಸುತ್ತಾರೆ. ಹೆಚ್ಚಿನವರು ಏರಿನ ನಡುವೆ, ಎದ್ದು ನಿಂತು ತುಳಿಯುತ್ತಿರುವಾಗ ಗೇರು ಬದಲಿಸಿದವರು. ಚೈನಿನ ಮೇಲೆ ಪೂರ್ತಿ ಭಾರ ಇರುವಾಗ ಅದು ಪಕ್ಕಕ್ಕೆ ಸರಿಯಲಾರದು. ಏರು ಶುರುವಾಗುವ ಮುನ್ನವೇ ಹಿಂದಿನ ದೊಡ್ಡ ಹಲ್ಲಿನ ಕಡೆಗೆ ಗೇರು ಬದಲಿಸಿ, ಬದಲಿಸುವ ಆ ಒಂದು ಸುತ್ತಿನಲ್ಲಿ ಕಾಲಿನ ಬಲ ಸಡಿಲಿಸಿ. ಮುಂದೆಯೂ ಅತಿ ದೊಡ್ಡ ಹಲ್ಲು, ಹಿಂದೆಯೂ ಅತಿ ದೊಡ್ಡ ಹಲ್ಲು ಎಂಬ ಜೋಡಿಯನ್ನು ಬಳಸಬೇಡಿ, ಚೈನು ಓರೆಯಾಗಿ ಸವೆಯುತ್ತದೆ. ಸೈಕಲ್ಲನ್ನು ಬಸ್ಸಿಗೋ ರೈಲಿಗೋ ಹಾಕುವಾಗ ಅಲೆನ್ ಕೀಯಿಂದ ಡಿರೈಲರನ್ನು ಹ್ಯಾಂಗರಿನಿಂದ ಬಿಚ್ಚಿ, ಬಟ್ಟೆ ಸುತ್ತಿ, ಫ್ರೇಮಿನ ಒಳಭಾಗಕ್ಕೆ ಕಟ್ಟಿ. ಡಿರೈಲರ್ ಹ್ಯಾಂಗರಿನ ಜೊತೆಗೇ ಅಚ್ಚಿಗೆ ಬಿಗಿದಿರುವ ಅಗ್ಗದ ಸೈಕಲ್ಲುಗಳಲ್ಲಿ ಎಡಮಗ್ಗುಲಾಗಿ ಮಲಗಿಸಿದರೂ ಆಯಿತು.

ನಮ್ಮ ಊರಿನ ಸೈಕಲ್ ಅಂಗಡಿಯವರ ಬಗ್ಗೆ ಒಂದು ಮಾತು. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳನ್ನು ಹಳ್ಳಿಹಳ್ಳಿಯಲ್ಲಿ ಓಡುವಂತೆ ಇಟ್ಟವರು ಇವರು. ಪಂಕ್ಚರ್, ಬೇರಿಂಗ್, ಗಾಲಿಯ ಓರೆ ತೆಗೆಯುವುದು, ಯಾವುದರಲ್ಲೂ ಅವರ ಕೈ ಪಳಗಿದ್ದು. ಆದರೆ ಆ ಸೈಕಲ್ಲುಗಳಿಗೆ ಗೇರಿಲ್ಲ. ಗೇರಿನ ಕೆಲಸವನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಪದಕ ತಂದ ಎಷ್ಟೋ ಸವಾರರು ಬಂದಿರುವ ವಿಜಯಪುರ, ಬಾಗಲಕೋಟೆ ಕಡೆ ಈ ತಿಳಿವಳಿಕೆ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಉಳಿದ ಜಿಲ್ಲೆಗಳ ಐಟಿಐಗಳಲ್ಲಿ, ಕ್ರೀಡಾ ಇಲಾಖೆಯ ಶಿಬಿರಗಳಲ್ಲಿ ಎರಡು ದಿನದ ತರಬೇತಿ ಇಟ್ಟರೂ ಸಾಕು, ಸಾವಿರಾರು ಸೈಕಲ್ಲುಗಳು ಮತ್ತೆ ರಸ್ತೆಗೆ ಇಳಿಯುತ್ತವೆ ಎಂದು ನಾನು ನಂಬುತ್ತೇನೆ. ಅಲ್ಲಿಯವರೆಗೆ ಅಂಗಡಿಗೆ ಹೋದಾಗ ಗೇರ್ ಸರಿ ಮಾಡಿಕೊಡಿ ಎಂದಷ್ಟೇ ಹೇಳಿ ಸೈಕಲ್ ನಿಲ್ಲಿಸಿ ಬರಬೇಡಿ. ಚೈನು ದೊಡ್ಡ ಹಲ್ಲಿಗೆ ಏರುವಾಗ ತೊಂದರೆಯೋ ಇಳಿಯುವಾಗಲೋ, ಎಲ್ಲ ಹಲ್ಲಿನಲ್ಲೋ ಒಂದು ತುದಿಯಲ್ಲೋ, ಜೋರಾಗಿ ತುಳಿದಾಗ ಮಾತ್ರವೋ, ಸೈಕಲ್ಲು ಇತ್ತೀಚೆಗೆ ಬಲಕ್ಕೆ ಬಿದ್ದಿತ್ತೋ, ಈ ನಾಲ್ಕನ್ನು ಹೇಳಿ. ಹ್ಯಾಂಗರ್ ನೋಡಿದ್ದೀರಾ, ತಂತಿ ಎಳೆದು ನೋಡಿದ್ದೀರಾ ಎಂದು ಕೇಳಿ. ಅವರು ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮುನ್ನ ಹಿಂದೆ ಬಂದು ಕೂತು ಆ ಎರಡು ಪುಲ್ಲಿಗಳನ್ನು ಒಮ್ಮೆ ನೋಡಲಿ.